ಬೇರು ಮಲಗಿಸಿತು, ಬೀಜ ಎಬ್ಬಿಸಿತು

1957ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲವು ಮೊಲಗಳು ಕಿವಿ ಜೋಲುಬಿಟ್ಟುಕೊಂಡು ಕೂತಲ್ಲೇ ಕೂತಿದ್ದವು. ಗಾಯವಿಲ್ಲ, ಸೋಂಕಿಲ್ಲ; ಆದರೂ ಮೈ ಮರಗಟ್ಟಿದಂತೆ ಕದಲದೆ ಇದ್ದವು. ಅವಕ್ಕೆ ರೆಸರ್ಪಿನ್ ಎಂಬ ಔಷಧಿ ಕೊಡಲಾಗಿತ್ತು. ಅರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಅದೇ ಮೊಲಗಳಿಗೆ ಎಲ್-ಡೋಪ ಎಂಬ ಇನ್ನೊಂದು ವಸ್ತುವನ್ನು ಚುಚ್ಚಿ ಕಾದರು. ಸುಮಾರು 15 ನಿಮಿಷದಲ್ಲಿ ಕಿವಿ ನೆಟ್ಟಗಾದವು, ಮೊಲಗಳು ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬತ್ತಿದರೆ ಮೈ ಕದಲದು, ಅದನ್ನು ಮತ್ತೆ ತುಂಬಿಕೊಟ್ಟರೆ ಕದಲುತ್ತದೆ ಎಂಬ ತಿಳಿವಳಿಕೆ ಆ ಸಾಲಿನ ಪ್ರಯೋಗಗಳಿಂದ ಹುಟ್ಟಿತು. ಪಾರ್ಕಿನ್ಸನ್ ಕಾಯಿಲೆಗೆ ಇಂದು ಎಲ್ಲೆಡೆ ಬರೆದುಕೊಡುವ ಲೆವೊಡೋಪ ಮಾತ್ರೆಯ ದಾರಿ ತೆರೆದದ್ದು ಅಲ್ಲಿಂದ. ಕಾರ್ಲ್‌ಸನ್ ಅವರಿಗೆ 2000ನೇ ಇಸವಿಯ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಮೊಲಗಳನ್ನು ಮಲಗಿಸಿದ ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನದು. ಎಬ್ಬಿಸಿದ ಎಲ್-ಡೋಪ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿ ಯಥೇಚ್ಛವಾಗಿದೆ. ಕಾರ್ಲ್‌ಸನ್ ಬಳಸಿದ್ದು ನಸುಗುನ್ನಿಯಿಂದ ತೆಗೆದದ್ದೇನೂ ಅಲ್ಲ. ಆದರೆ ಅದಕ್ಕೆ 20 ವರ್ಷ ಮೊದಲೇ, 1937ರಲ್ಲಿ, ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಆ ಬೀಜದಿಂದ ಎಲ್-ಡೋಪವನ್ನು ಬೇರ್ಪಡಿಸಿ ಲಂಡನ್ನಿನ ಜೀವರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಗ ಅದು ಯಾವುದಕ್ಕೆ ಮದ್ದು ಎಂದು ಯಾರಿಗೂ ಹೊಳೆದಿರಲಿಲ್ಲ.

ಇಂಥ ಸಂಗತಿ ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಎರಡು ಬಗೆಯ ಮಾತು ಏಳುತ್ತವೆ. ‘ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ, ಪರೀಕ್ಷೆ ಯಾಕೆ?’ ಎನ್ನುವವರು ಒಂದು ಕಡೆ. ‘ಗಿಡಮೂಲಿಕೆ ಎಲ್ಲ ಬೊಗಳೆ’ ಎನ್ನುವವರು ಇನ್ನೊಂದು ಕಡೆ. ವಾಟ್ಸ್ಆ್ಯಪ್ಪಿನಲ್ಲಿ ಮೊದಲನೆಯವರು ಜಾಸ್ತಿ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡನೆಯವರು. ಸರ್ಪಗಂಧದ ಕತೆಯನ್ನು ಪೂರ್ತಿ ಕೇಳಿದರೆ ಇಬ್ಬರಿಗೂ ಇರುಸುಮುರುಸಾಗುತ್ತದೆ. ಗಿಡದಲ್ಲಿ ಗುಣ ನಿಜಕ್ಕೂ ಇತ್ತು. ಆದರೆ ಆ ಗುಣ ಎಷ್ಟು, ಯಾರಿಗೆ, ಯಾವ ಬೆಲೆ ತೆತ್ತು ಎಂಬುದು ಪರೀಕ್ಷೆಗೆ ಒಡ್ಡಿದ ಮೇಲೆಯೇ ಗೊತ್ತಾದದ್ದು.

ಸರ್ಪಗಂಧ ಮೊಣಕಾಲೆತ್ತರದ ಪೊದೆ. ಕನ್ನಡದಲ್ಲಿ ಸೂತ್ರನಾಭಿ, ಪಾತಾಳಗಂಧಿ ಎಂದೂ ಹೇಳುತ್ತಾರೆ. ಪಶ್ಚಿಮ ಘಟ್ಟದ ನೆರಳು ನೆಲದಲ್ಲಿ ಬೆಳೆಯುತ್ತದೆ. ಹಾವು ಕಚ್ಚಿದ್ದಕ್ಕೆ, ಜ್ವರಕ್ಕೆ, ನಿದ್ದೆ ಬಾರದ್ದಕ್ಕೆ ಅದರ ಬೇರು ಬಳಕೆಯಲ್ಲಿತ್ತು. ಬಿಹಾರದ ಕಡೆ ಅದಕ್ಕೆ ‘ಹುಚ್ಚಿನ ಮದ್ದು’ ಎಂದೇ ಹೆಸರು. ಈ ಪಟ್ಟಿಯನ್ನು ಗಮನಿಸಿ. ಹಾವಿನ ವಿಷಕ್ಕೆ ಅದು ಮದ್ದಲ್ಲ ಎಂಬುದು ಇಂದು ನಮಗೆ ಗೊತ್ತು; ಹುಚ್ಚಿಗೆ ಆಗಿತ್ತು ಎಂಬುದೂ ಗೊತ್ತು. ಒಂದೇ ಬಾಯಿಂದ ಬಂದ ಪರಂಪರೆಯ ಮಾತಿನಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಪರಂಪರೆಯೇ ಹೇಳಿಕೊಡುವುದಿಲ್ಲ.

1931ರಲ್ಲಿ ಎರಡು ಕಡೆ ಈ ಬೇರಿನ ಕೆಲಸ ನಡೆಯಿತು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ತಮ್ಮ ರೋಗಿಗಳಿಗೆ ಬೇರಿನ ಪುಡಿ ಕೊಟ್ಟು, ಕೆರಳಿದ ಮನಸ್ಸು ಶಾಂತವಾಗುವುದನ್ನೂ ರಕ್ತದೊತ್ತಡ ಇಳಿಯುವುದನ್ನೂ ಬರೆದರು. ರಕ್ತದೊತ್ತಡದ ಮಾತು ಹಳೆಯ ಗ್ರಂಥಗಳಲ್ಲಿ ಇರುವಂತಿರಲಿಲ್ಲ. ಅಳೆಯುವ ಪಟ್ಟಿಯೇ ಇಲ್ಲದ ಕಾಲದ ಗ್ರಂಥಗಳವು. ಅಂದರೆ ಅಲೋಪತಿಯ ಉಪಕರಣವನ್ನು ಆಯುರ್ವೇದದ ಬೇರಿಗೆ ಹಿಡಿದಾಗ ಹೊಸ ಗುಣವೊಂದು ಕಾಣಿಸಿತು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನಿಂದ ಹರಳಿನಂಥ ವಸ್ತುವೊಂದನ್ನು ಬೇರ್ಪಡಿಸಿದರು. ತಮ್ಮನ್ನು ಈ ಸಂಶೋಧನೆಗೆ ಹಚ್ಚಿದ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದನ್ನು ಅಜ್ಮಲೀನ್ ಎಂದು ಕರೆದರು. ಅಜ್ಮಲೀನ್ ಇಂದಿಗೂ ಬಳಕೆಯಲ್ಲಿದೆ: ಬ್ರುಗಾಡ ಎಂಬ ಆನುವಂಶಿಕ ಹೃದಯ ತೊಂದರೆಯನ್ನು ಪತ್ತೆಹಚ್ಚಲು ಯುರೋಪಿನ ಹೃದಯತಜ್ಞರು ಅದನ್ನು ಚುಚ್ಚಿ ಇಸಿಜಿ ನೋಡುತ್ತಾರೆ.

ಆದರೆ ಅಜ್ಮಲೀನಿಗೆ ನಿದ್ದೆ ತರಿಸುವ ಗುಣವಿರಲಿಲ್ಲ. ಹಾಗಾದರೆ ಆ ಗುಣ ಎಲ್ಲಿತ್ತು? ಒಂದು ಬೇರಿನಲ್ಲಿ ನೂರಾರು ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಕೆಲಸ ಮಾಡುವುದನ್ನು ಹುಡುಕುವುದೆಂದರೆ ಜಾತ್ರೆಯ ಜನಜಂಗುಳಿಯಲ್ಲಿ ಜೇಬುಗಳ್ಳನನ್ನು ಹುಡುಕಿದ ಹಾಗೆ. ಗುಂಪನ್ನು ಒಡೆಯಬೇಕು, ಒಡೆದ ಒಂದೊಂದು ಭಾಗವನ್ನೂ ಪ್ರಾಣಿಗೆ ಕೊಟ್ಟು ನೋಡಬೇಕು, ಗುಣ ಕಂಡ ಭಾಗವನ್ನು ಮತ್ತೆ ಒಡೆಯಬೇಕು. ಸರ್ಪಗಂಧದಲ್ಲಿ ಚಂದದ ಹರಳುಗಳನ್ನೆಲ್ಲ ತೆಗೆದುಕೊಂಡ ಮೇಲೆ ತಳದಲ್ಲಿ ಉಳಿಯುತ್ತಿದ್ದ ಕಂದು ರಾಳದಲ್ಲಿ ಆ ಗುಣ ಅಡಗಿತ್ತು. ಕಲ್ಕತ್ತೆಯ ಸಂಶೋಧಕರು ರಾಳದ ತನಕ ತಲುಪಿದ್ದರು. ಅಲ್ಲಿಂದ ಮುಂದಕ್ಕೆ ಹೋಗಿ 1952ರಲ್ಲಿ ರೆಸರ್ಪಿನನ್ನು ಹೊರತೆಗೆದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ಮ್ಯುಲ್ಲರ್, ಶ್ಲಿಟ್ಲರ್ ಮತ್ತು ಬೈನ್. ರೋಗಿಗೆ ದಿನಕ್ಕೆ ಕಾಲು ಮಿಲಿಗ್ರಾಂ ಸಾಕಾಗುತ್ತಿತ್ತು.

1931ರ ಕೆಲಸ, 1952ರ ಕೆಲಸ, ಇವೆರಡರ ನಡುವೆ ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ ಇದ್ದಾರೆ. ಅವರು ತಮ್ಮ ರಕ್ತದೊತ್ತಡದ ರೋಗಿಗಳಿಗೆ ವರ್ಷಗಟ್ಟಲೆ ಸರ್ಪಗಂಧದ ಗುಳಿಗೆ ಕೊಟ್ಟು, 50 ರೋಗಿಗಳ ಲೆಕ್ಕವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಒತ್ತಡ ಎಷ್ಟಿತ್ತು, ಎಷ್ಟು ಇಳಿಯಿತು, ಯಾರಿಗೆ ಇಳಿಯಲಿಲ್ಲ, ಯಾರಿಗೆ ಮೂಗು ಕಟ್ಟಿತು, ಯಾರಿಗೆ ತೂಕಡಿಕೆ ಬಂತು ಎಂಬಂಥ ಒಣ ಲೆಕ್ಕ. ಆ ಒಣ ಲೆಕ್ಕವನ್ನು ಓದಿಯೇ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಗುಳಿಗೆ ತರಿಸಿಕೊಂಡು ಅಮೆರಿಕದಲ್ಲಿ ಪ್ರಯೋಗ ಮಾಡಿದ್ದು. ‘ನಮ್ಮಲ್ಲಿ ಸಾವಿರಾರು ವರ್ಷದಿಂದ ಇದೆ’ ಎಂದಷ್ಟೇ ಬರೆದಿದ್ದರೆ ಆ ಪತ್ರಿಕೆ ಅಚ್ಚು ಹಾಕುತ್ತಿರಲಿಲ್ಲ, ವಿಲ್ಕಿನ್ಸ್ ಓದುತ್ತಲೂ ಇರಲಿಲ್ಲ. 1957ರಲ್ಲಿ ವಕೀಲ್ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ನಮ್ಮ ವೈದ್ಯಕೀಯ ಕಾಲೇಜುಗಳ ಎಷ್ಟು ವಿದ್ಯಾರ್ಥಿಗಳಿಗೆ ಆ ಹೆಸರು ಗೊತ್ತು ಎಂದು ಕೇಳಿದರೆ ಸಂಕೋಚವಾದೀತು.

ಬೆಂಗಳೂರಿನ ಓದುಗರಿಗೆ ಒಂದು ಸಣ್ಣ ಕೊಂಡಿ. ಸರ್ಪಗಂಧದ ಬೇರನ್ನು ‘ಸರ್ಪಿನ’ ಎಂಬ ಹೆಸರಿನ ಗುಳಿಗೆಯಾಗಿ 1934ರಲ್ಲಿ ಮಾರುಕಟ್ಟೆಗೆ ತಂದದ್ದು ಡೆಹ್ರಾಡೂನಿನಲ್ಲಿ ಶುರುವಾದ ಹಿಮಾಲಯ ಕಂಪನಿ. ಈಗ ಅದರ ನೆಲೆ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿದೆ. ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಈ ಬೇರು ತಿನ್ನಿಸುವುದನ್ನು ಸಂಸ್ಥಾಪಕರು ಕಂಡರು ಎಂಬುದು ಕಂಪನಿಯೇ ಹೇಳಿಕೊಳ್ಳುವ ಕತೆ.

ರೆಸರ್ಪಿನ್ ನರತಂತುಗಳ ತುದಿಯಲ್ಲಿರುವ ಸಣ್ಣ ಚೀಲಗಳನ್ನು ಬರಿದು ಮಾಡುತ್ತದೆ. ಆ ಚೀಲಗಳಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೊನಿನ್ ದಾಸ್ತಾನು ಇರುತ್ತವೆ. ನಾರ್‌ಅಡ್ರಿನಲಿನ್ ಖಾಲಿಯಾದರೆ ರಕ್ತನಾಳಗಳ ಬಿಗಿ ಸಡಿಲಿ ಒತ್ತಡ ಇಳಿಯುತ್ತದೆ. ಡೋಪಮಿನ್ ಖಾಲಿಯಾದರೆ ಕೆರಳಿದ ಮನಸ್ಸು ತಣ್ಣಗಾಗುತ್ತದೆ, ಜಾಸ್ತಿ ಖಾಲಿಯಾದರೆ ಮೈ ಮರಗಟ್ಟುತ್ತದೆ; ಲುಂಡ್‌ನ ಮೊಲಗಳಿಗೆ ಆದದ್ದು ಅದೇ. ಒಂದು ಗುಣವನ್ನು ಇನ್ನೊಂದರಿಂದ ಬಿಡಿಸಿ ಕೊಡಲಾಗುವುದಿಲ್ಲ. 1950ರ ದಶಕದಲ್ಲಿ ರೆಸರ್ಪಿನ್ ತೆಗೆದುಕೊಂಡ ಕೆಲವರು ಖಿನ್ನತೆಗೆ ಬಿದ್ದ ವರದಿಗಳು ಬಂದವು, ಅದರ ಮೇಲೆ ಖಿನ್ನತೆಯ ಒಂದು ಸಿದ್ಧಾಂತವೇ ಕಟ್ಟಲ್ಪಟ್ಟಿತು. ಆ ವರದಿಗಳು ಅಷ್ಟು ಗಟ್ಟಿಯಲ್ಲ ಎಂದು ಮುಂದೆ ವಾದಿಸಿದವರೂ ಇದ್ದಾರೆ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಜಗಳವಾಡುವುದಕ್ಕಾದರೂ ಎದುರಿಗೆ ಅಂಕಿಅಂಶ ಇದೆ.

ಮತ್ತು ಇದೇ ಬೇರು ವೈದ್ಯಶಾಸ್ತ್ರದ ಬಹು ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಲು ನೆರವಾಯಿತು. ಏರಿದ ರಕ್ತದೊತ್ತಡವನ್ನು ಇಳಿಸಿದರೆ ಜೀವ ಉಳಿಯುತ್ತದೆಯೇ? ಇಂದು ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅನ್ನಿಸಬಹುದು. ಆದರೆ ಒತ್ತಡ ಏರುವುದು ದೇಹಕ್ಕೆ ಅಗತ್ಯವಾದದ್ದರಿಂದ, ಇಳಿಸಬಾರದು ಎಂದು ನಂಬಿದ್ದ ದೊಡ್ಡ ವೈದ್ಯರು ಆಗ ಇದ್ದರು. 1967ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು 143 ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಅರ್ಧದಷ್ಟು ಮಂದಿಗೆ ರೆಸರ್ಪಿನ್ ಸೇರಿ ಮೂರು ಔಷಧಿ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಹುಸಿ ಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಗಂಭೀರ ತೊಂದರೆ ಬಂದರೆ ಔಷಧಿಯ ಗುಂಪಿನಲ್ಲಿ ಬಂದದ್ದು ಇಬ್ಬರಿಗೆ. ಬಿಪಿ ಮಾತ್ರೆ ನುಂಗುವ ಕೋಟ್ಯಂತರ ಜನರ ದಿನಚರಿಯ ಹಿಂದೆ ಆ ಅಂಕಿಗಳಿವೆ, ಆ ಅಂಕಿಗಳ ಹಿಂದೆ ನಮ್ಮ ಬೇರಿನ ಒಂದು ಪಾಲಿದೆ. ಈಗ ರೆಸರ್ಪಿನ್ ಬರೆದುಕೊಡುವ ವೈದ್ಯರು ಅಪರೂಪ. ಅದಕ್ಕಿಂತ ಹಿತವಾದ ಔಷಧಿಗಳು ಬಂದಿವೆ.

ಹುಸಿ ಮಾತ್ರೆ ಯಾಕೆ ಬೇಕು, ಅದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಕಾಮಾಲೆಯನ್ನು ನೋಡಬೇಕು. ಕಣ್ಣು ಹಳದಿಯಾದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ನಾಟಿ ವೈದ್ಯರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಎಣ್ಣೆ-ಖಾರ ಬಿಟ್ಟು ಪಥ್ಯ, ಮೂರು ವಾರದಲ್ಲಿ ಗುಣ. ‘ಕೈಗುಣ ಅಂದರೆ ಅವರದ್ದು’ ಎಂಬ ಹೆಸರು. ಸುಳ್ಳೇನಲ್ಲ, ಬಹುತೇಕರು ನಿಜಕ್ಕೂ ವಾಸಿಯಾಗುತ್ತಾರೆ. ಆದರೆ ಕೆಟ್ಟ ನೀರು-ಊಟದಿಂದ ಬರುವ ಹೆಪಟೈಟಿಸ್ ‘ಎ’ ಕಾಮಾಲೆ ಯಾವ ಮದ್ದೂ ಇಲ್ಲದೆ ಬಹುತೇಕ ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಹಾಗಿರುವಾಗ ರಸ ಕುಡಿದ ನೂರರಲ್ಲಿ ತೊಂಬತ್ತು ಮಂದಿ ವಾಸಿಯಾದರು ಎಂಬ ಮಾತಿನಿಂದ ರಸದ ಬಗ್ಗೆ ಏನೂ ತಿಳಿಯುವುದಿಲ್ಲ. ಕುಡಿಯದ ನೂರರಲ್ಲಿ ಎಷ್ಟು ಎಂದು ಕೇಳಬೇಕು. ಕುಡಿಯದವರಿಗೂ ಕುಡಿದೆವೆಂಬ ಭರವಸೆ ಇರಬೇಕು, ಇಲ್ಲವಾದರೆ ಪಥ್ಯ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ, ಹೋಲಿಕೆ ಹಾಳಾಗುತ್ತದೆ. ಮದ್ದು ಯಾರಿಗೆ, ಹುಸಿ ಯಾರಿಗೆ ಎಂದು ಕೊಡುವ ವೈದ್ಯರಿಗೂ ಗೊತ್ತಿರಬಾರದು. ತಮಗೆ ನಂಬಿಕೆಯಿರುವ ಮದ್ದು ಕುಡಿದವನ ಕಣ್ಣು ವೈದ್ಯರಿಗೆ ಸ್ವಲ್ಪ ಬೇಗ ಬೆಳ್ಳಗೆ ಕಾಣುತ್ತದೆ. ಇದರಲ್ಲಿ ಎಂಬಿಬಿಎಸ್, ಬಿಎಎಂಎಸ್ ಎಂಬ ಭೇದವಿಲ್ಲ.

ಕಾಮಾಲೆಗೆ ಕೊಡುವ ಸೊಪ್ಪುಗಳಲ್ಲಿ ದೊಡ್ಡ ಹೆಸರು ನೆಲನೆಲ್ಲಿಯದು. ತೋಟದ ಬದುವಿನಲ್ಲಿ, ಕುಂಡದ ಅಂಚಿನಲ್ಲಿ ಎಲೆಯಡಿಗೆ ಸಾಸಿವೆ ಗಾತ್ರದ ಕಾಯಿ ತೂಗಿಸಿಕೊಂಡು ನಿಲ್ಲುವ ಗಿಡ. ಇದರ ಪರೀಕ್ಷೆಯ ಕತೆ ಸರ್ಪಗಂಧದ್ದಕ್ಕಿಂತ ಹೆಚ್ಚು ಪಾಠ ಕಲಿಸುತ್ತದೆ ಎಂದು ನನಗನ್ನಿಸುತ್ತದೆ, ಯಾಕೆಂದರೆ ಇದು ಗೆದ್ದ ಕತೆಯಲ್ಲ. ಹೆಪಟೈಟಿಸ್ ‘ಬಿ’ ವೈರಸ್ಸನ್ನು ಕಂಡುಹಿಡಿದು 1976ರ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್ ಅವರೇ ಈ ಗಿಡದ ಬೆನ್ನು ಹತ್ತಿದ್ದರು. ಅವರ ತಂಡ 1987ರಲ್ಲಿ ಈ ಜಾತಿಯ ಗಿಡದ ಸಾರ ಪ್ರಯೋಗಾಲಯದಲ್ಲಿ ವೈರಸ್ಸಿನ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿತು. ಮರುವರ್ಷ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ತಂಡ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆಯಿತು: ‘ಬಿ’ ವೈರಸ್ಸನ್ನು ದೀರ್ಘಕಾಲ ಹೊತ್ತವರಲ್ಲಿ ನೆಲನೆಲ್ಲಿ ಪುಡಿ ತಿಂದ 37 ಮಂದಿಯ ಪೈಕಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮದ್ದು ತಿಂದ 23 ಮಂದಿಯಲ್ಲಿ ಮಾಯವಾದದ್ದು ಒಬ್ಬರಿಗೆ ಮಾತ್ರ.

ಇಷ್ಟು ದೊಡ್ಡ ವ್ಯತ್ಯಾಸ ಕಂಡ ಮೇಲೆ ಬೇರೆಯವರು ಸುಮ್ಮನಿರುತ್ತಾರೆಯೇ? ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಅದೇ ಪ್ರಯೋಗ ಮಾಡಿ ನೋಡಿದರು. ಮದ್ರಾಸಿನಲ್ಲಿ ಕಂಡದ್ದು ಅಲ್ಲಿ ಕಾಣಲಿಲ್ಲ. ಬೇರೆ ನೆಲದ ಗಿಡ, ಬೇರೆ ಜನ, ಬೇರೆ ತಯಾರಿಕೆ ಎಂದೆಲ್ಲ ಕಾರಣ ಕೊಟ್ಟವರಿದ್ದಾರೆ. ಇರಬಹುದು. ಆದರೆ ಒಂದೂರಿನಲ್ಲಿ ಕೆಲಸ ಮಾಡಿ ಇನ್ನೊಂದೂರಿನಲ್ಲಿ ಮಾಡದ ಮದ್ದನ್ನು ರೋಗಿ ನೆಚ್ಚಿಕೊಳ್ಳುವುದು ಹೇಗೆ? ನೆಲನೆಲ್ಲಿ ಮಾರುವವರು 1988ರ ಪ್ರಬಂಧವನ್ನು ಇಂದಿಗೂ ಎತ್ತಿ ತೋರಿಸುತ್ತಾರೆ. ಅದರ ನಂತರದವನ್ನು ತೋರಿಸುವುದಿಲ್ಲ. ‘ಸಂಶೋಧನೆಯಿಂದ ಸಾಬೀತು’ ಎಂದು ಪೊಟ್ಟಣದ ಮೇಲೆ ಅಚ್ಚಾಗಿದ್ದರೆ, ಅದು ಒಂದು ಸಂಶೋಧನೆಯೋ, ಮತ್ತೆ ಮತ್ತೆ ಮಾಡಿದರೂ ನಿಂತ ಸಂಶೋಧನೆಯೋ ಎಂದು ವಿಚಾರಿಸಬೇಕು.

ಇನ್ನೊಂದು ಪೇಚು ಪರೀಕ್ಷೆಗೂ ಮೊದಲಿನದು. ಪೊಟ್ಟಣದಲ್ಲಿರುವುದು ನೆಲನೆಲ್ಲಿಯೇ ಹೌದೇ? ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಸರಕನ್ನು ಕೊಂಡು ಎಲೆಯ ಲಕ್ಷಣ ಮತ್ತು ಡಿಎನ್ಎ ಎರಡನ್ನೂ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನಾಲ್ಕರಲ್ಲಿ ಮೂರು ಪಾಲು ಮಾದರಿಗಳಲ್ಲಿ ಇದ್ದದ್ದು ಪರೀಕ್ಷೆಗೆ ಒಳಪಟ್ಟಿದ್ದ ಜಾತಿಯೇ; ಉಳಿದವುಗಳಲ್ಲಿ ಅದರ ಬೇರೆ ಬೇರೆ ದಾಯಾದಿ ಜಾತಿಗಳು. ಗ್ರಂಥಿಗೆ ಅಂಗಡಿಯವರು ಬೇಕೆಂದೇ ಮೋಸ ಮಾಡಿದರು ಎನ್ನುವಂತಿಲ್ಲ. ಒಣಗಿಸಿ ಕಂತೆ ಕಟ್ಟಿದ ಮೇಲೆ ಇವನ್ನೆಲ್ಲ ಗುರುತಿಸುವುದು ಸಸ್ಯಶಾಸ್ತ್ರಜ್ಞರಿಗೂ ಕಷ್ಟ.

ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಕ್ಯಾನ್ಸರ್ ಕೊಲ್ಲುವ ಸೊಪ್ಪು’ ಸುದ್ದಿಗಳ ಬಗ್ಗೆಯೂ ಎರಡು ಮಾತು. ಅವುಗಳಲ್ಲಿ ಬಹಳಷ್ಟು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗಗಳು. ತಟ್ಟೆಯ ಕೋಶವನ್ನು ಫಿನಾಯಿಲ್ ಕೂಡ ಕೊಲ್ಲುತ್ತದೆ. ತಟ್ಟೆಯಿಂದ ಇಲಿಗೆ, ಇಲಿಯಿಂದ ಆರೋಗ್ಯವಂತ ಮನುಷ್ಯರಿಗೆ, ಅವರಿಂದ ರೋಗಿಗಳಿಗೆ ಹೋಗುವ ದಾರಿಯಲ್ಲಿ ಬಹುಪಾಲು ವಸ್ತುಗಳು ಉದುರಿಹೋಗುತ್ತವೆ. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ದೊಡ್ಡ ಉದಾಹರಣೆ. ತಟ್ಟೆಯಲ್ಲಿ ಅದು ಮಾಡದ ಪವಾಡವಿಲ್ಲ. ಆದರೆ ಕರುಳು ಅದನ್ನು ಹೀರಿಕೊಳ್ಳುವುದೇ ಕಡಿಮೆ, ರಕ್ತದಲ್ಲಿ ನಿಲ್ಲುವುದಿಲ್ಲ. ಅದರ ಜೊತೆಗೆ ಅದಕ್ಕೆ ತನ್ನದೇ ಬಣ್ಣ, ಬೆಳಕಿಗೆ ಹೊಳೆಯುವ ಗುಣ, ಕಂಡಕಂಡ ಪ್ರೋಟೀನಿಗೆ ಅಂಟಿಕೊಳ್ಳುವ ಚಾಳಿ. ಬಣ್ಣ ಮತ್ತು ಹೊಳಪನ್ನು ಅಳೆದು ಫಲಿತಾಂಶ ಹೇಳುವ ಲ್ಯಾಬ್ ಯಂತ್ರಗಳು ಅದರ ಮುಂದೆ ಮೋಸ ಹೋಗುತ್ತವೆ. 2017ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಒಂದು ತಂಡ ಅದುವರೆಗಿನ ಕೆಲಸವನ್ನೆಲ್ಲ ಜಾಲಾಡಿ, 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ನಂತರವೂ ಹುಸಿ ಮಾತ್ರೆಯೊಡನೆ ಸರಿಯಾಗಿ ಹೋಲಿಸಿದ ಯಾವ ಪ್ರಯೋಗದಲ್ಲೂ ಕರ್ಕ್ಯುಮಿನ್ ಗೆದ್ದಿಲ್ಲ ಎಂದು ಬರೆಯಿತು. ಸಾರಿಗೆ ಅರಿಶಿನ ಹಾಕುವುದನ್ನು ಯಾರೂ ನಿಲ್ಲಿಸಬೇಕಿಲ್ಲ. ಸಾವಿರ ರೂಪಾಯಿಯ ಕರ್ಕ್ಯುಮಿನ್ ಡಬ್ಬಿ ಕೊಳ್ಳುವ ಮುನ್ನ ಯೋಚಿಸಿದರೆ ಸಾಕು.

ಈಗ ನಸುಗುನ್ನಿ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಪರಿಚಯ ಮಾಡಿಸಬೇಕಿಲ್ಲ. ಮೇಷ್ಟರ ಕುರ್ಚಿಗೆ ಅದರ ಕಾಯಿಯ ರೋಮ ಉದುರಿಸಿ ಏಟು ತಿಂದವರು ಈ ಅಂಕಣದ ಓದುಗರಲ್ಲೂ ಇರಬಹುದು. ಆ ತುರಿಕೆಯೂ ಸಂಶೋಧನೆಯ ವಸ್ತುವಾಗಿದೆ: ಸಾಮಾನ್ಯ ಅಲರ್ಜಿ ಮಾತ್ರೆಗೆ ಬಗ್ಗದ ತುರಿಕೆ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ನರವಿಜ್ಞಾನಿಗಳು ನಸುಗುನ್ನಿ ರೋಮವನ್ನೇ ಬಳಸುತ್ತಾರೆ. ಬೀಜದ ವಿಷಯ ಬೇರೆ. ಆಯುರ್ವೇದ ಕಂಪವಾತಕ್ಕೆ ಅದನ್ನು ಹಾಲಿನಲ್ಲಿ ಬೇಯಿಸಿ ಕೊಡುತ್ತಿತ್ತು. ಕೈ ನಡುಕದ ಕಾಯಿಲೆ, ಡೋಪ ತುಂಬಿದ ಬೀಜ: ಇಲ್ಲಿ ಪರಂಪರೆಯ ಮಾತಿಗೂ ಪ್ರಯೋಗಾಲಯದ ಉತ್ತರಕ್ಕೂ ತಾಳೆಯಾಯಿತು. ಅಪರೂಪಕ್ಕೆ ಹೀಗಾದಾಗ ಹಿಗ್ಗುವುದರಲ್ಲಿ ತಪ್ಪಿಲ್ಲ.

2004ರಲ್ಲಿ ಲಂಡನ್ನಿನ ನರರೋಗ ತಜ್ಞರು ಎಂಟು ಮಂದಿ ಪಾರ್ಕಿನ್ಸನ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ದಿನ ಮಾಮೂಲಿ ಮಾತ್ರೆ, ಬೇರೆ ದಿನಗಳಲ್ಲಿ ನಸುಗುನ್ನಿ ಪುಡಿ. ಯಾವ ದಿನ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. 30 ಗ್ರಾಂ ಪುಡಿ ಮಾತ್ರೆಗಿಂತ ಬೇಗ, ಸುಮಾರು ಅರ್ಧ ಗಂಟೆಯಲ್ಲೇ, ಕೆಲಸ ಶುರುಮಾಡಿತು, ಮಾತ್ರೆಗಿಂತ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮೈಯನ್ನು ಸಡಿಲವಾಗಿಟ್ಟಿತು. ಚಿಕ್ಕ ಪ್ರಯೋಗ, ಆದರೆ ಅಚ್ಚುಕಟ್ಟಾದದ್ದು. ಹಾಗಿದ್ದರೆ ಎಲ್ಲರೂ ನಾಳೆಯಿಂದ ಪುಡಿಗೆ ಬದಲಾಯಿಸಬಹುದೇ? ಬೇಡ. ಎಂಟು ಮಂದಿಯ ಕೆಲವು ಗಂಟೆಗಳ ಲೆಕ್ಕದಿಂದ ಹತ್ತು ವರ್ಷ ತೆಗೆದುಕೊಳ್ಳುವ ಮದ್ದಿನ ಬಗ್ಗೆ ತೀರ್ಪು ಕೊಡಲಾಗದು. ಎರಡನೆಯದಾಗಿ, ಆಸ್ಪತ್ರೆಯ ಮಾತ್ರೆಯಲ್ಲಿ ಲೆವೊಡೋಪದ ಜೊತೆ ಕಾರ್ಬಿಡೋಪ ಇರುತ್ತದೆ. ಡೋಪ ಮಿದುಳು ತಲುಪುವ ಮೊದಲೇ ಡೋಪಮಿನ್ ಆಗಿ ಹೊಟ್ಟೆ ತೊಳಸುವುದನ್ನು ಅದು ತಡೆಯುತ್ತದೆ. ಪುಡಿಯಲ್ಲಿ ಅದಿಲ್ಲ. ಮೂರನೆಯದು ಅಳತೆ. ಅಮೆರಿಕದಲ್ಲಿ ಮಾರುವ ನಸುಗುನ್ನಿ ಡಬ್ಬಿಗಳನ್ನು 2022ರಲ್ಲಿ ಪರೀಕ್ಷಿಸಿದಾಗ ಒಂದರಲ್ಲಿ ಒಂದು ಹೊತ್ತಿನ ಪ್ರಮಾಣಕ್ಕೆ 2 ಮಿಲಿಗ್ರಾಂ ಲೆವೊಡೋಪ ಸಿಕ್ಕರೆ ಇನ್ನೊಂದರಲ್ಲಿ 240 ಮಿಲಿಗ್ರಾಂ ದಾಟಿತ್ತು. ಮಾತ್ರೆಯನ್ನೂ ನುಂಗಿ ಪುಡಿಯನ್ನೂ ಕುಡಿದವರಿಗೆ ಏನಾಗಬಹುದೆಂದು ಊಹಿಸಿ: ಕೈಕಾಲು ತಾವಾಗಿ ತಿರುಚುವುದು, ಒತ್ತಡ ಕುಸಿಯುವುದು, ಕೆಲವರಿಗೆ ಇಲ್ಲದ್ದು ಕಾಣುವುದು.

‘ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ’ ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಸದಾ ಇರುತ್ತದೆ. ಪರಿಣಾಮವಿರುವ ಮದ್ದಿಗೆ ಅಡ್ಡಪರಿಣಾಮವೂ ಇರುತ್ತದೆ, ಅದನ್ನು ಯಾರೂ ಎಣಿಸಿಲ್ಲ ಅಷ್ಟೆ. ತಲೆಮಾರುಗಳ ಅನುಭವಕ್ಕೆ ಒಂದು ಮಿತಿಯಿದೆ: ತಿಂದ ಗಂಟೆಯಲ್ಲಿ ವಾಂತಿ ಮಾಡಿಸುವ ಸೊಪ್ಪನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಹತ್ತು ವರ್ಷದ ಮೇಲೆ ಮೂತ್ರಪಿಂಡ ಕೆಡಿಸುವ ಬೇರನ್ನು ಗುರುತಿಸಲಾರದು. ಈಶ್ವರಿ ಬಳ್ಳಿಯ ವಂಶದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಬಯಲಾದದ್ದು 1990ರ ದಶಕದಲ್ಲಿ. ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸಲು ಚೀನಾದ ಗಿಡಮೂಲಿಕೆ ತಿಂದ ಹೆಂಗಸರು ಒಬ್ಬರ ಹಿಂದೊಬ್ಬರು ಡಯಾಲಿಸಿಸ್‌ಗೆ ಬಂದ ಮೇಲೆ.

ನಮ್ಮ ಮನೆಬಾಗಿಲಿನ ಉದಾಹರಣೆ ಅಮೃತಬಳ್ಳಿ. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅದರ ಕಷಾಯ ಕುಡಿಯದ ಮನೆ ಕಡಿಮೆ. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡೆವೆಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನೋಡಲು ಹೋಲುವ ಇನ್ನೊಂದು ಬಳ್ಳಿ ಬೆರೆತಿರಬಹುದು ಎಂದಿತು. ಕೇಳಬೇಕಾದ ಪ್ರಶ್ನೆಯೇ ಅದು. ಆನಂತರ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ರೋಗಿಗಳ ವಿವರ ಪ್ರಕಟಿಸಿದರು, ಅವರು ಬಳಸಿದ್ದ ಬಳ್ಳಿಯ ಮಾದರಿಗಳನ್ನೂ ಪರೀಕ್ಷಿಸಿ ಅದು ಅಮೃತಬಳ್ಳಿಯೇ ಎಂದರು. ಕೋಟ್ಯಂತರ ಜನ ಕುಡಿದದ್ದರಲ್ಲಿ ಇದು ಅಪರೂಪದ ತೊಂದರೆ. ಆದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಯಕೃತ್ತನ್ನೇ ಕಚ್ಚುವ ಕಾಯಿಲೆಯ ಒಲವು ಇರುವವರಿಗೆ ಆ ಶಕ್ತಿವರ್ಧಕ ಬೇಡ ಎಂಬ ತಿಳಿವಳಿಕೆ ಬೆಲೆಯುಳ್ಳದ್ದು. ಎಣಿಸಿದ್ದರಿಂದ ಅದು ಸಿಕ್ಕಿತು.

ನಮ್ಮ ಕಾನೂನು ಈ ವಿಷಯದಲ್ಲಿ ಎರಡು ಮನಸ್ಸಿನದು. ಹೊಸ ರಾಸಾಯನಿಕ ಔಷಧಿಗೆ ಮಾನವ ಪ್ರಯೋಗವಿಲ್ಲದೆ ಪರವಾನಗಿ ಸಿಗದು. ಆಯುರ್ವೇದದ ಪ್ರಮಾಣಗ್ರಂಥದಲ್ಲಿ ಹೇಳಿದ ಮದ್ದನ್ನು ಅಲ್ಲಿ ಹೇಳಿದ ಹಾಗೆಯೇ ತಯಾರಿಸಿದರೆ, ಗುಣವನ್ನು ಹೊಸದಾಗಿ ಸಾಬೀತು ಮಾಡಬೇಕಿಲ್ಲ, ಗ್ರಂಥವೇ ಸಾಕ್ಷಿ. ಇವೆರಡರ ನಡುವೆ 2015ರಲ್ಲಿ ಕೇಂದ್ರ ಸರಕಾರ ಮೂರನೆಯ ಬಾಗಿಲು ತೆರೆಯಿತು: ಫೈಟೊಫಾರ್ಮಸುಟಿಕಲ್. ಒಂದೇ ಅಣುವನ್ನು ಹಿಡಿದು ತೆಗೆಯಬೇಕಿಲ್ಲ. ಗಿಡದ ಶುದ್ಧೀಕರಿಸಿದ ಸಾರದಲ್ಲಿ ಕನಿಷ್ಠ ನಾಲ್ಕು ಘಟಕಗಳನ್ನು ಗುರುತಿಸಿ, ಅವುಗಳ ಪ್ರಮಾಣ ಪ್ರತಿ ಬಾರಿಯೂ ಒಂದೇ ಇರುವಂತೆ ನೋಡಿಕೊಂಡು, ಉಳಿದ ಔಷಧಿಗಳ ಹಾಗೆಯೇ ರೋಗಿಗಳಲ್ಲಿ ಪರೀಕ್ಷಿಸಿದರೆ ಪರವಾನಗಿ. ನನ್ನ ಮಟ್ಟಿಗೆ ಇದು ಸರಿಯಾದ ದಾರಿ. ಇಡೀ ಗಿಡದ ಮಹಿಮೆ ಹೇಳುವವರಿಗೂ ಇಲ್ಲಿ ಜಾಗವಿದೆ, ಲೆಕ್ಕ ಕೇಳುವವರಿಗೂ ಇದೆ. ಆದರೆ ಗ್ರಂಥದ ಬಾಗಿಲು ಸುಲಭವಾಗಿ ತೆರೆದಿರುವಾಗ ಈ ಕಷ್ಟದ ಬಾಗಿಲಿಗೆ ಬರುವ ಕಂಪನಿ ಎಷ್ಟಿದ್ದೀತು?

ಪರೀಕ್ಷೆಯಲ್ಲಿ ಗೆದ್ದ ಗಿಡಕ್ಕೂ ಆಪತ್ತು ತಪ್ಪಿದ್ದಲ್ಲ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧಿಗೆ ಬೇಕಾದ ಕ್ಯಾಂಪ್ಟೊತೆಸಿನ್ ಇದೆಯೆಂದು 1972ರಲ್ಲಿ ಗೊತ್ತಾದ ಮೇಲೆ ಅದರ ಮೇಲೆ ಕೊಡಲಿ ಬೀಳತೊಡಗಿತು. ಸರ್ಪಗಂಧವನ್ನು ಬೇರು ಸಮೇತ ಕಿತ್ತು ಕಿತ್ತು, ಕೊನೆಗೆ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಪಟ್ಟಿಗೆ ಸೇರಿಸಬೇಕಾಗಿ ಬಂತು. ಅದು ಇನ್ನೊಂದು ಅಂಕಣದ ವಿಷಯ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧಿ ಪ್ರಯೋಗಗಳನ್ನು 2009ರಿಂದ ಸಿಟಿಆರ್‌ಐ ಎಂಬ ಸರಕಾರಿ ನೋಂದಣಿಯಲ್ಲಿ ದಾಖಲಿಸಬೇಕು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ದುಬಾರಿ ಡಬ್ಬಿ ಕೊಳ್ಳುವ ಮುಂಚೆ ಅದರ ಹೆಸರು ಅಲ್ಲಿದೆಯೇ ಎಂದು ಮನೆಯ ಮಕ್ಕಳಿಂದಲಾದರೂ ಹುಡುಕಿಸಿ. ಮತ್ತು ಡಾಕ್ಟರು ‘ಬೇರೆ ಏನಾದರೂ ಔಷಧಿ ತಗೊಳ್ತಾ ಇದ್ದೀರಾ?’ ಎಂದಾಗ ‘ಇಲ್ಲ’ ಎನ್ನಬೇಡಿ. ಬೈಯುತ್ತಾರೆಂಬ ಅಳುಕಿದ್ದರೂ ಬೆಳಗಿನ ಕಷಾಯ, ರಾತ್ರಿಯ ಚೂರ್ಣ, ಪಂಡಿತರು ಕೊಟ್ಟ ಪುಡಿ ಎಲ್ಲವನ್ನೂ ಹೆಸರು ಹಿಡಿದು ಹೇಳಿ. ಪೊಟ್ಟಣವಿದ್ದರೆ ಜೊತೆಗೇ ಒಯ್ಯಿರಿ.